ಆಶ್ಲೇಷಾ ಮಳೆಯೂ ಯೂರಿಯಾ ಚೀಲವೂ

(ದತ್ತಿ ಉಪನ್ಯಾಸದ ಅಚ್ಚುರೂಪ)

2025ರ ಜುಲೈಯಲ್ಲಿ ಉತ್ತರ ಕರ್ನಾಟಕದ ಅನೇಕ ಊರುಗಳಲ್ಲಿ ಗೊಬ್ಬರದ ಅಂಗಡಿ, ಸೊಸೈಟಿಗಳ ಮುಂದೆ ರೈತರು ಪಾಳಿ ಹಚ್ಚಿ ನಿಲ್ಲಬೇಕಾಯಿತು. ಯೂರಿಯಾ ಸಾಲುತ್ತಿರಲಿಲ್ಲ. ಮುಖ್ಯಮಂತ್ರಿಗಳು ಕೇಂದ್ರದ ರಸಗೊಬ್ಬರ ಸಚಿವರಿಗೆ ಪತ್ರ ಬರೆದರು, ಆ ಪಕ್ಷ ಈ ಪಕ್ಷದ ಮೇಲೆ, ಈ ಪಕ್ಷ ಆ ಪಕ್ಷದ ಮೇಲೆ ತಪ್ಪು ಹಾಕಿತು. ಮೂಲ ಕಾರಣ ಮಾತ್ರ ಮೋಡದಲ್ಲಿತ್ತು. ಆ ವರ್ಷ ಮುಂಗಾರು ಮೇ 24ರಂದೇ ಕೇರಳ ಮುಟ್ಟಿತು. 2009ರ ನಂತರ ಅಷ್ಟು ಬೇಗ ಬಂದಿರಲಿಲ್ಲ. ಮಳೆ ಮುಂಚೆ ಬಂತು, ಬಿತ್ತಿಗೆ ಮುಂಚೆ ಆಯಿತು. ಹಿಂದಿನ ಹಂಗಾಮಿನ ದರ ಕಂಡಿದ್ದ ರೈತರು ಹೆಚ್ಚು ಹೊಲಕ್ಕೆ ಗೋವಿನಜೋಳ, ಅಂದರೆ ಮೆಕ್ಕೆಜೋಳ, ಹಾಕಿದ್ದರು. ಮೊಣಕಾಲೆತ್ತರ ಬೆಳೆದ ಆ ಪೈರಿಗೆಲ್ಲ ಮೇಲುಗೊಬ್ಬರ ಬೇಕಾದದ್ದು ಒಂದೇ ಹದಿನೈದು ದಿನದಲ್ಲಿ.

ಅದಕ್ಕೆ ಎರಡು ವರ್ಷ ಹಿಂದೆ ಪರಿಸ್ಥಿತಿ ತಿರುವುಮುರುವಾಗಿತ್ತು. 2023ರ ಆಗಸ್ಟ್ ತಿಂಗಳು, ದೇಶದಲ್ಲಿ 1901ರಿಂದ ಮಳೆಯ ಲೆಕ್ಕ ಇಟ್ಟಿರುವ ಅಷ್ಟೂ ಆಗಸ್ಟ್‌ಗಳಲ್ಲಿ ಅತ್ಯಂತ ಒಣ ತಿಂಗಳು. ವಾಡಿಕೆಗಿಂತ ಶೇ. 36ರಷ್ಟು ಕಡಿಮೆ ಮಳೆ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಆಶ್ಲೇಷಾ ಹೋಯಿತು, ಮಘಾ ಹೋಯಿತು. ಸೂಲಂಗಿ (ಗಂಡು ಹೂವು) ಬಿಚ್ಚಿ ನಿಂತ ಗೋವಿನಜೋಳದ ಬುಡಕ್ಕೆ ಆಗ ಎಷ್ಟು ಚೀಲ ಯೂರಿಯಾ ಸುರಿದಿದ್ದರೂ ಒಂದು ಕಾಳು ಹೆಚ್ಚು ಕಟ್ಟುತ್ತಿರಲಿಲ್ಲ.

ಒಂದು ವರ್ಷ ಮಳೆಯಿದ್ದು ಗೊಬ್ಬರವಿಲ್ಲ, ಇನ್ನೊಂದು ವರ್ಷ ಗೊಬ್ಬರವಿದ್ದು ಮಳೆಯಿಲ್ಲ. ಇವನ್ನು ಎರಡು ಬೇರೆ ಬೇರೆ ಸಂಕಟಗಳೆಂದು ಸರಕಾರದ ಕಡತಗಳು ಬರೆದಿಟ್ಟುಕೊಳ್ಳುತ್ತವೆ. ಗೊಬ್ಬರ ಒಂದು ವಿಭಾಗಕ್ಕೆ, ಬರ ಕಂದಾಯ ಇಲಾಖೆಗೆ. ಹೊಲದಲ್ಲಿ ಇವೆರಡೂ ಒಂದೇ ಲೆಕ್ಕದ ಎರಡು ಅಂಕಿಗಳು, ಒಂದನ್ನು ಬಿಟ್ಟು ಇನ್ನೊಂದನ್ನು ಕೂಡಿಸಲು ಬರುವುದಿಲ್ಲ. ಎಕರೆಗೆ ಇಷ್ಟು ಗೊಬ್ಬರ ಎಂದು ಮಳೆಯ ಹೆಸರೆತ್ತದೆ ಹೇಳುವ ಶಿಫಾರಸು ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಗೆ ಅರ್ಧ ಶಿಫಾರಸು ಮಾತ್ರ ಎಂಬುದು ಈ ಉಪನ್ಯಾಸದ ವಾದ.

ಮೊದಲು ಸೀಮೆಯ ವಿಚಾರ. ಬಾಗಲಕೋಟೆ 1997ರಲ್ಲಿ ವಿಜಯಪುರದಿಂದ ಬೇರೆಯಾಗಿ ಜಿಲ್ಲೆಯಾಯಿತು. ಅದಕ್ಕೂ ನೂರು ವರ್ಷ ಹಿಂದೆ ಹೋದರೆ ಈ ಇಡೀ ಭಾಗಕ್ಕೆ ಇಂದಿನ ಬಾಗಲಕೋಟೆ ತಾಲ್ಲೂಕಿನ ಕಲಾದಗಿಯೇ ಜಿಲ್ಲಾಸ್ಥಳ. 1885ರಲ್ಲಿ ಕಚೇರಿ ವಿಜಯಪುರಕ್ಕೆ ಹೋಯಿತು. ಮುಂಬಯಿ ಪ್ರಾಂತದಲ್ಲಿ 1876–78ರ ಬರಕ್ಕೆ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಕಲಾದಗಿಯೂ ಒಂದು. ಕೃಷಿ ವಿಜ್ಞಾನಿಗಳು ರಾಜ್ಯವನ್ನು ಹತ್ತು ವಲಯಗಳಾಗಿ ಹಂಚಿದಾಗ ಈ ಭಾಗ ಮೂರನೆಯದಾದ ಉತ್ತರ ಒಣ ವಲಯಕ್ಕೆ ಬಿತ್ತು. ಆ ವಲಯದ ವಾರ್ಷಿಕ ಮಳೆ ಸುಮಾರು 465ರಿಂದ 785 ಮಿಲಿಮೀಟರ್, ಅದರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಬೀಳುವುದು ಹಿಂಗಾರಿ ಬೆಳೆಯ ಕಾಲಕ್ಕೆ. ಬಾಗಲಕೋಟೆ ಜಿಲ್ಲೆಗೆ ಒಟ್ಟಾರೆ 600 ಮಿ.ಮೀ. ಮುಟ್ಟುವುದೂ ಕಷ್ಟ.

ಇಲ್ಲಿ ಕೃಷ್ಣೆ ಇದ್ದಾಳೆ, ಘಟಪ್ರಭೆ ಇದ್ದಾಳೆ, ಮಲಪ್ರಭೆ ಇದ್ದಾಳೆ, ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆ ಬಾಗಲಕೋಟೆಯ ಒಂದು ಭಾಗವೇ ಮುಳುಗಿದೆ. ಇಷ್ಟೆಲ್ಲ ನೀರಿರುವಾಗ ಮಳೆಯ ಮಾತೇಕೆ ಎಂದು ಹೊರಗಿನವರು ಕೇಳುವುದುಂಟು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿತಲ್ಲ, ಆ ನೀರು ಬಾದಾಮಿಯ ಹೊಲಗಳ ಮೇಲೆ ಬಿದ್ದ ಮಳೆಯದಾಗಿರಲಿಲ್ಲ. ಖಾನಾಪುರದ ಕಣಕುಂಬಿಯ ಕಡೆ, ಸಹ್ಯಾದ್ರಿಯ ನೆತ್ತಿಯಲ್ಲಿ ಸುರಿದು ನವಿಲುತೀರ್ಥದ ಅಣೆಕಟ್ಟು ತುಂಬಿ ಹರಿದು ಬಂದದ್ದು. ಹೊಳೆದಂಡೆಯ ಊರು ಮುಳುಗಿರುವಾಗ ನಾಲ್ಕು ಹರದಾರಿ ಆಚೆಯ ಮಡ್ಡಿಯಲ್ಲಿ ಪೈರು ಬಾಡುವುದು ಈ ಸೀಮೆಗೆ ಹೊಸದಲ್ಲ. ಕಾಲುವೆ, ಏತ, ಕೊಳವೆಬಾವಿ ಮುಟ್ಟದ ಹೊಲಕ್ಕೆ ಇಂದಿಗೂ ಮೇಲಿನ ಮಳೆಯೇ ಗತಿ.

ಆ ಮಳೆ ಬೀಳುವ ರೀತಿಯೂ ವಿಚಿತ್ರ. ರೋಹಿಣಿ, ಮೃಗಶಿರಾದಲ್ಲಿ ಒಂದಿಷ್ಟು ಹದ ಬರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮೋಡ ಓಡಾಡುತ್ತದೆ, ಗಾಳಿ ಜೋರಾಗಿ ಬೀಸುತ್ತದೆ, ನೆಲ ಮಾತ್ರ ನೆನೆಯುವುದಿಲ್ಲ. ನಿಜವಾದ ಮಳೆ ಉತ್ತರಿ, ಹಸ್ತದ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವಿನಿಂದ. ಹಿಂದಿನವರು ಈ ಲೆಕ್ಕ ತಿಳಿದೇ ಬೆಳೆ ಆರಿಸಿಕೊಂಡಿದ್ದರು. ಮುಂಗಾರಿಗೆ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಎರಡು ಎರಡೂವರೆ ತಿಂಗಳಿಗೆ ಕೈಗೆ ಬರುವ ಹೆಸರು, ಮಸಾರಿಯಲ್ಲಿ (ಕೆಂಪು ಮಣ್ಣಿನಲ್ಲಿ) ಬರ ತಾಳುವ ಸಜ್ಜೆ; ಸೆಪ್ಟೆಂಬರಿನ ಮಳೆ ಕುಡಿದ ಎರಿಯಲ್ಲಿ ಹಿಂಗಾರಿ ಬಿಳಿಜೋಳ, ಕಡಲೆ. ಬಿಳಿಜೋಳಕ್ಕೆ ಬಿತ್ತಿದ ಮೇಲೆ ಮಳೆ ಬಾರದಿದ್ದರೂ ನಡೆಯುತ್ತದೆ, ಮಣ್ಣೊಳಗಿನ ತೇವ ಮತ್ತು ಚಳಿಯ ಇಬ್ಬನಿಯಲ್ಲೇ ಅದು ತೆನೆ ಹಾಯುತ್ತದೆ.

ಗೋವಿನಜೋಳ ಈ ಪಂಚಾಂಗಕ್ಕೆ ಹೊಂದುವ ಬೆಳೆಯಲ್ಲ. ಅದನ್ನು ಇಲ್ಲಿಗೆ ತಂದದ್ದು ಮಾರುಕಟ್ಟೆ. ದೇಶದಲ್ಲಿ ಈ ಬೆಳೆಯ ಸಂಘಟಿತ ಸಂಶೋಧನೆ 1957ರಲ್ಲಿ ಶುರುವಾಯಿತು; ಅಖಿಲ ಭಾರತ ಸಂಯೋಜಿತ ಬೆಳೆ ಯೋಜನೆಗಳಲ್ಲಿ ಅದೇ ಮೊದಲನೆಯದು. 1961ರಲ್ಲಿ ಗಂಗಾ, ರಣಜಿತ್, ಡೆಕ್ಕನ್ ಎಂಬ ಹೆಸರಿನ ಹೈಬ್ರಿಡ್‌ಗಳು ಬಂದವು. ಕೋಳಿ ಸಾಕಣೆ ಬೆಳೆದಂತೆ, ಪಿಷ್ಟದ ಕಾರ್ಖಾನೆಗಳು ಬೆಳೆದಂತೆ ಬೇಡಿಕೆ ಏರಿತು. ಈಚೆಗೆ ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಸೇರಿಕೊಂಡು, 2023–24ರಲ್ಲಿ ದೇಶದ ಎಥೆನಾಲ್ ತಯಾರಿಕೆಗೆ ಕಬ್ಬಿಗಿಂತ ಹೆಚ್ಚು ಒದಗಿದ್ದು ಮೆಕ್ಕೆಜೋಳವೇ. ಕಟಾವು ಸುಲಭ, ರಾಶಿಯಂತ್ರ ಬಾಡಿಗೆಗೆ ಸಿಗುತ್ತದೆ, ಬಿಳಿಜೋಳದಷ್ಟು ಹಕ್ಕಿಕಾಟವಿಲ್ಲ, ಮೇವೂ ಆಗುತ್ತದೆ. ರೈತ ಇದಕ್ಕೆ ಒಲಿದದ್ದರಲ್ಲಿ ತಪ್ಪು ಹುಡುಕುವುದು ಮನೆಯಲ್ಲಿ ಕೂತು ಲೆಕ್ಕ ಬರೆಯುವವರ ಚಟ.

ಆದರೆ ಅದರ ದೇಹಧರ್ಮ ಬೇರೆ. ಮಧ್ಯಮಾವಧಿಯ ಗೋವಿನಜೋಳ ಬಿತ್ತಿದಂದಿನಿಂದ ಮಾಗುವವರೆಗೆ 500ರಿಂದ 800 ಮಿ.ಮೀ. ನೀರು ಕೇಳುತ್ತದೆ. ಬಾಗಲಕೋಟೆಯ ಇಡೀ ವರ್ಷದ ಮಳೆಯೇ ಅದರ ಕೆಳಗಿನ ಅಂಚಿನ ಹತ್ತಿರ ನಿಲ್ಲುತ್ತದೆ. ಜೂನ್ ಎರಡನೇ ವಾರ, ಮೃಗಶಿರಾದಲ್ಲಿ ಬಿತ್ತಿದರೆ ಐವತ್ತರಿಂದ ಅರವತ್ತು ದಿನಕ್ಕೆ ಸೂಲಂಗಿ; ಅಂದರೆ ಆಗಸ್ಟ್ ಮೊದಲಾರ್ಧ, ಆಶ್ಲೇಷಾ ಮಳೆಯ ಕಾಲ. ಬೆಳೆಗೆ ನೀರು ಅತ್ಯಂತ ಬೇಕಾದ ಹದಿನೈದಿಪ್ಪತ್ತು ದಿನ, ಮಳೆ ಕೈಕೊಡುವ ಸಂಭವ ಹೆಚ್ಚಿರುವ ದಿನಗಳೊಂದಿಗೆ ಬಂದು ಕೂಡುತ್ತದೆ.

ವಿಶ್ವ ಆಹಾರ ಮತ್ತು ಕೃಷಿ ಸಂಸ್ಥೆ 1979ರಲ್ಲಿ ಹೊರತಂದ ಇಳುವರಿ–ನೀರು ಸಂಬಂಧದ ಕೈಪಿಡಿಯಲ್ಲಿ ಇದಕ್ಕೊಂದು ಅಳತೆ ಇದೆ. ಪೈರು ಬರೀ ಎಲೆ ಬಿಡುವ ಹಂತದಲ್ಲಿ ನೀರು ಶೇ. 10 ಕಡಿಮೆಯಾದರೆ ಇಳುವರಿ ಶೇ. 4ರಷ್ಟು ಇಳಿಯುತ್ತದೆ. ಅದೇ ಕೊರತೆ ಹೂವಾಡುವಾಗ ಬಂದರೆ ಶೇ. 15. ಕಾಳು ತುಂಬುವಾಗ ಬಂದರೆ ಶೇ. 5. ಹೂವಾಡುವ ಹಂತದ ಹೊಡೆತ ಇಷ್ಟೇಕೆ ಜೋರು ಎಂದರೆ, ಗೋವಿನಜೋಳದಲ್ಲಿ ಗಂಡು ಹೂವು ನೆತ್ತಿಯ ಮೇಲೆ, ಹೆಣ್ಣು ತೆನೆ ನಡುವಿನಲ್ಲಿ. ತೆನೆಯ ತುದಿಯಿಂದ ಹೊರಬರುವ ಒಂದೊಂದು ರೇಷ್ಮೆ ಎಳೆಯೂ ಒಂದೊಂದು ಕಾಳಿಗೆ ಸೇರಿದ್ದು. ನೀರು ಕಡಿಮೆಯಾದರೆ ಎಳೆ ತಡವಾಗಿ ಹೊರಡುತ್ತದೆ, ಅಷ್ಟರಲ್ಲಿ ಮೇಲಿನ ಪರಾಗ ಉದುರಿ ಮುಗಿದಿರುತ್ತದೆ. ಆಮೇಲೆ ಎಷ್ಟೇ ಮಳೆ ಬಂದರೂ ತೆನೆ ತುಂಬುವುದಿಲ್ಲ, ಸಿಪ್ಪೆ ಸುಲಿದರೆ ಹಲ್ಲುದುರಿದ ಬಾಯಿ ಕಾಣುತ್ತದೆ. ಮೆಕ್ಸಿಕೋದ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸುಧಾರಣಾ ಕೇಂದ್ರದ ವಿಜ್ಞಾನಿಗಳು ಪರಾಗಕ್ಕೂ ಎಳೆಗೂ ನಡುವಿನ ಈ ದಿನಗಳ ಅಂತರವನ್ನೇ ಬರ ತಾಳುವ ತಳಿ ಆರಿಸಲು ಗುರುತಾಗಿ ಬಳಸಿದರು. ಕುತೂಹಲದ ಸಂಗತಿಯೆಂದರೆ, ನೀರಿನ ಕೊರತೆಯಂತೆ ಸಾರಜನಕದ ಕೊರತೆಯೂ ಈ ಅಂತರವನ್ನು ಹಿಗ್ಗಿಸುತ್ತದೆ.

ಗೊಬ್ಬರದ ಲೆಕ್ಕಕ್ಕೆ ಬರೋಣ. ಮಳೆಯಾಶ್ರಿತ ಗೋವಿನಜೋಳಕ್ಕೆ ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಬೇಸಾಯ ಪದ್ಧತಿಯಲ್ಲಿ ರೂಢಿಯಾಗಿರುವ ಶಿಫಾರಸು ಹೆಕ್ಟೇರಿಗೆ 100 ಕೆ.ಜಿ. ಸಾರಜನಕ, 50 ಕೆ.ಜಿ. ರಂಜಕ, 25 ಕೆ.ಜಿ. ಪೊಟ್ಯಾಷ್, ನೀರಾವರಿಯಾದರೆ ಸಾರಜನಕ 150. ಎಕರೆಗೆ ಇಳಿಸಿದರೆ 40, 20, 10. ಅಂಗಡಿಯ ಭಾಷೆಯಲ್ಲಿ ಬಿತ್ತುವಾಗ ಒಂದು ಚೀಲ ಡಿಎಪಿ, ಮುಂದೆ ಕಂತಿನಲ್ಲಿ ಒಂದೂವರೆ ಚೀಲ ಯೂರಿಯಾ, ಹದಿನೈದಿಪ್ಪತ್ತು ಕೆ.ಜಿ. ಪೊಟ್ಯಾಷ್. 50 ಕೆ.ಜಿ. ಡಿಎಪಿಯಲ್ಲಿ 23 ಕೆ.ಜಿ. ರಂಜಕ, 9 ಕೆ.ಜಿ. ಸಾರಜನಕ ಇರುತ್ತವೆ, ಈಗಿನ 45 ಕೆ.ಜಿ. ಯೂರಿಯಾ ಚೀಲದಲ್ಲಿ 20 ಕೆ.ಜಿ.ಗೆ ತುಸು ಮೇಲೆ ಸಾರಜನಕ.

ಈ 40 ಕೆ.ಜಿ. ಎಲ್ಲಿಂದ ಬಂತು? ಒಂದು ಟನ್ ಕಾಳು ಬೆಳೆಯಲು ಗೋವಿನಜೋಳದ ಗಿಡ ಒಟ್ಟು ಇಪ್ಪತ್ತರಿಂದ ಇಪ್ಪತ್ತೈದು ಕೆ.ಜಿ. ಸಾರಜನಕ ಹೀರುತ್ತದೆ. ಎಕರೆಗೆ 15 ಕ್ವಿಂಟಲ್ ಬರಬೇಕಾದರೆ ಮೂವತ್ತರಿಂದ ಮೂವತ್ತೆಂಟು ಕೆ.ಜಿ. ಬೇಕು. 5 ಕ್ವಿಂಟಲ್ ಮಾತ್ರ ಬರುವ ವರ್ಷಕ್ಕೆ ಹತ್ತು ಹನ್ನೆರಡು ಕೆ.ಜಿ. ಸಾಕು, ಅದರಲ್ಲಿ ಬಹುಪಾಲನ್ನು ಮಣ್ಣೇ ಕೊಟ್ಟೀತು. ಅಂದರೆ 40 ಕೆ.ಜಿ. ಎಂಬ ಶಿಫಾರಸಿನೊಳಗೆ ಇಂತಿಷ್ಟು ಇಳುವರಿ ಬರುತ್ತದೆಂಬ ನಂಬಿಕೆ ಅಡಗಿದೆ, ಆ ನಂಬಿಕೆಯೊಳಗೆ ಇಂತಿಷ್ಟು ಮಳೆ ಬರುತ್ತದೆಂಬ ಇನ್ನೊಂದು ನಂಬಿಕೆ. ಗೊಬ್ಬರದ ಪ್ರಮಾಣ ಬರೆದವರು ತಿಳಿದೋ ತಿಳಿಯದೆಯೋ ಮಳೆಯ ಭವಿಷ್ಯ ನುಡಿದಿದ್ದಾರೆ.

ಹಾಗಾದರೆ ಒಣ ಸೀಮೆಯಲ್ಲಿ ಗೊಬ್ಬರ ಕಡಿಮೆ ಮಾಡಿದರಾಯಿತೇ? ಅಷ್ಟು ಸರಳವಿಲ್ಲ. 1970ರ ದಶಕದ ಕೊನೆಯಲ್ಲಿ ಡಚ್ ವಿಜ್ಞಾನಿಗಳು ಆಫ್ರಿಕಾದ ಮಾಲಿ ದೇಶದಲ್ಲಿ, ಸಹಾರಾ ಮರಳುಗಾಡಿನ ತೆಂಕಣ ಅಂಚಿನ ಹುಲ್ಲುಗಾವಲುಗಳನ್ನು ಅಭ್ಯಾಸ ಮಾಡಿದರು. ಅಲ್ಲಿ ಹುಲ್ಲು ಕಡಿಮೆ ಇರುವುದಕ್ಕೆ ಮಳೆ ಇಲ್ಲದಿರುವುದೇ ಕಾರಣವೆಂದು ಎಲ್ಲರೂ ತಿಳಿದಿದ್ದರು. 1983ರಲ್ಲಿ ಬ್ರೆಮನ್ ಮತ್ತು ಡಿ ವಿಟ್ ಪ್ರಕಟಿಸಿದ ಫಲಿತಾಂಶ ಬೇರೆಯೇ ಇತ್ತು. ವರ್ಷಕ್ಕೆ ಸುಮಾರು 300 ಮಿ.ಮೀ.ಗೆ ಮೇಲೆ ಮಳೆ ಬೀಳುವ ಕಡೆಯೆಲ್ಲ ಹುಲ್ಲನ್ನು ತಡೆದು ನಿಲ್ಲಿಸಿದ್ದು ಮುಖ್ಯವಾಗಿ ಸಾರಜನಕ ಮತ್ತು ರಂಜಕದ ಬಡತನ. ಬಿದ್ದ ನೀರನ್ನು ಗಿಡ ಪೂರ್ತಿ ಬಳಸಲು ಆಗುತ್ತಿರಲಿಲ್ಲ. ಬಾಗಲಕೋಟೆಯ ಎರಿಯೂ ಸಾರಜನಕದಲ್ಲಿ ಬಡವ, ರಂಜಕದಲ್ಲಿ ಅಷ್ಟಕ್ಕಷ್ಟೆ, ಪೊಟ್ಯಾಷ್ ಒಂದರಲ್ಲಿ ಸಿರಿವಂತ. ಹೊಟ್ಟೆ ತುಂಬಿದ ಪೈರು ಬೇರನ್ನು ಆಳಕ್ಕೆ ಬಿಟ್ಟು ಅದೇ ಮಳೆಯಿಂದ ಹೆಚ್ಚು ಕಾಳು ತೆಗೆಯುತ್ತದೆ. ಆದ್ದರಿಂದ ಬರದ ಸೀಮೆ ಎಂದು ಗೊಬ್ಬರ ಬಿಡುವುದು, ಬಂದ ಒಳ್ಳೆಯ ಮಳೆಯನ್ನು ವ್ಯರ್ಥ ಮಾಡಿಕೊಂಡಂತೆಯೇ ಆಗುತ್ತದೆ.

ಇದರ ಇನ್ನೊಂದು ಮುಖ ಅಮೆರಿಕದಲ್ಲಿ ಕಾಣಿಸಿತು. ಅಲ್ಲಿನ ಕೃಷಿ ಇಲಾಖೆ 2012ರ ಮೇ ತಿಂಗಳಲ್ಲಿ ಎಕರೆಗೆ 166 ಬುಷೆಲ್, ಅಂದರೆ ಸುಮಾರು 42 ಕ್ವಿಂಟಲ್ ಗೋವಿನಜೋಳ ಬರುತ್ತದೆಂದು ಅಂದಾಜು ಮಾಡಿತ್ತು. ಬೀಜ, ಗೊಬ್ಬರ, ಯಂತ್ರ ಯಾವುದಕ್ಕೂ ಕಡಿಮೆ ಇರಲಿಲ್ಲ. ಬೇಸಿಗೆಯಲ್ಲಿ ಮಳೆ ಹೋಯಿತು. ಕೊನೆಗೆ ಬಂದದ್ದು 123 ಬುಷೆಲ್, 31 ಕ್ವಿಂಟಲ್. ಬೆಳೆ ಹೀರದೆ ಬಿಟ್ಟ ಸಾರಜನಕ ಮಣ್ಣಿನಲ್ಲೇ ಉಳಿದು ಮರುವರ್ಷದ ವಸಂತದ ಮಳೆಗೆ ಕೊಚ್ಚಿಹೋಗಿ, ಅಯೋವಾ ರಾಜ್ಯದ ಡೆ ಮೊಯಿನ್ ನಗರಕ್ಕೆ ಕುಡಿಯುವ ನೀರು ಕೊಡುವ ನದಿಗಳಲ್ಲಿ ನೈಟ್ರೇಟ್ ದಾಖಲೆ ಮಟ್ಟಕ್ಕೇರಿತು. ಬರದ ಬಿಲ್ಲು ಊರಿನ ನಲ್ಲಿಗೆ ಬಂತು.

ಆಫ್ರಿಕಾದ ಮಲಾವಿ ದೇಶ 2005ರಲ್ಲಿ ಬರಕ್ಕೆ ಸಿಕ್ಕಿ, ಆ ವರ್ಷದ ಕೊನೆಯಿಂದ ಬಡ ರೈತರಿಗೆ ಸಬ್ಸಿಡಿ ಗೊಬ್ಬರ ಮತ್ತು ಬೀಜ ಹಂಚಿತು. ಮರುವರ್ಷ ಗೋವಿನಜೋಳದ ಬೆಳೆ ಎರಡರಷ್ಟಾಯಿತು. ಜಗತ್ತೆಲ್ಲ ಕೊಂಡಾಡಿತು. ಆ ವರ್ಷ ಅಲ್ಲಿ ಮಳೆಯೂ ಒಳ್ಳೆಯದಾಗಿತ್ತು! ಎಷ್ಟು ಗೊಬ್ಬರದ ಫಲ, ಎಷ್ಟು ಮಳೆಯ ಫಲ ಎಂಬ ವಾದ ಅರ್ಥಶಾಸ್ತ್ರಜ್ಞರಲ್ಲಿ ಬಹಳ ಕಾಲ ನಡೆಯಿತು. ಯಶಸ್ಸು ಬಂದ ವರ್ಷ ಗೊಬ್ಬರದ ಮಂತ್ರಿಗೆ ಹಾರ, ಸೋತ ವರ್ಷ ಮೋಡಕ್ಕೆ ಬೈಗುಳ ಎಂಬ ಪದ್ಧತಿ ಮಲಾವಿಗೆ ಮಾತ್ರ ಸೇರಿದ್ದಲ್ಲ.

ಹುನಗುಂದದ ಕಡೆ ಹೊಲದ ಬದುವಿನಲ್ಲಿ ಕೇಳಿಬರುವ ಮಾತು, “ಮಳಿ ಹತ್ಲಿ ತಡಿ, ಆಮ್ಯಾಲ ಯೂರಿಯಾ ಒಗದ್ರಾತು.” ವಿಸ್ತರಣಾ ಸಾಹಿತ್ಯ ಇಂಥ ರೈತನನ್ನು ಸಕಾಲಕ್ಕೆ ಮೇಲುಗೊಬ್ಬರ ಕೊಡದ ಹಿಂದುಳಿದವನೆಂದು ಬಣ್ಣಿಸಿದ್ದುಂಟು. ಅವನ ಲೆಕ್ಕ ನೋಡಿದರೆ ಅವನೇ ಸರಿ. ಗೋವಿನಜೋಳದ ಗೊಬ್ಬರದ ಖರ್ಚಿನಲ್ಲಿ ಎರಡು ಜಾತಿ. ಡಿಎಪಿ ಬೀಜದ ಜೊತೆಗೇ ಕೂರಿಗೆಯಲ್ಲಿ ಮಣ್ಣಿಗೆ ಹೋಗಬೇಕು, ರಂಜಕ ಮಣ್ಣಲ್ಲಿ ಸರಿದಾಡುವುದಿಲ್ಲ, ಆಮೇಲೆ ಮೇಲೆ ಚೆಲ್ಲಿ ಪ್ರಯೋಜನವಿಲ್ಲ. ಚೀಲಕ್ಕೆ 1,350 ರೂಪಾಯಿಯ ಆ ಹಣವನ್ನು ಮುಂದಿನ ಮಳೆ ಕಾಣದೆಯೇ ಪಣಕ್ಕಿಡಬೇಕು. ಯೂರಿಯಾ ಹಾಗಲ್ಲ. ಮೊದಲ ಒಂದು ತಿಂಗಳಲ್ಲಿ ಗಿಡ ಹೀರುವ ಸಾರಜನಕ ತೀರಾ ಕಡಿಮೆ; ಮೊಣಕಾಲೆತ್ತರ ದಾಟಿದ ಮೇಲೆ ಹಸಿವು ಏರಿ, ಹೂವಾಡುವ ಹೊತ್ತಿಗೆ ಒಟ್ಟಾರೆಯ ಮೂರರಲ್ಲಿ ಎರಡು ಪಾಲು ಒಳಗೆ ಸೇರಿರುತ್ತದೆ. ಹೀಗಾಗಿ ಮೂವತ್ತನೇ ದಿನದವರೆಗೆ ಕಾದು ನೋಡಲು ರೈತನಿಗೆ ಅವಕಾಶವಿದೆ. ಪುನರ್ವಸು, ಪುಷ್ಯ ಮಳೆ ನೋಡಿ ಎರಡನೆಯ ಕಂತು, ಆಶ್ಲೇಷಾ ನೋಡಿ ಮೂರನೆಯದು. ಮಳೆ ಬಾರದಿದ್ದರೆ ಆ ಕಂತು ಮನೆಯಲ್ಲೇ ಉಳಿಯಲಿ. ಬಂದರೆ ಹದ ಆರುವ ಮೊದಲು ಹೊಲಕ್ಕೆ ಹೋಗಬೇಕು, ಅಂದು ಅಂಗಡಿಯಲ್ಲಿ ಯೂರಿಯಾ ಇರಬೇಕು.

ರೂಪಾಯಿಯಲ್ಲಿ ನೋಡಿದರೂ ಇದು ತಾಳೆಯಾಗುತ್ತದೆ. ಬೇವು ಲೇಪಿತ ಯೂರಿಯಾ ಚೀಲ 266 ರೂಪಾಯಿ 50 ಪೈಸೆ, ಒಂದು ಕೆ.ಜಿ. ಸಾರಜನಕಕ್ಕೆ 13 ರೂಪಾಯಿಯ ಆಸುಪಾಸು. ಹದವಾದ ಮಳೆಯಲ್ಲಿ ಒಂದು ಕೆ.ಜಿ. ಸಾರಜನಕ ಹತ್ತರಿಂದ ಇಪ್ಪತ್ತು ಕೆ.ಜಿ. ಕಾಳು ಹೆಚ್ಚಿಸಬಲ್ಲದು. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಪೇಟೆಯಲ್ಲಿ ಅಷ್ಟು ಸಿಗಲಿಲ್ಲ ಎಂಬುದು ಆ ವರ್ಷದ ನವೆಂಬರಿನ ಚಳವಳಿಗಳನ್ನು ಕಂಡವರಿಗೆಲ್ಲ ಗೊತ್ತು. ಕೆ.ಜಿ.ಗೆ 17 ರೂಪಾಯಿ ಹಿಡಿದರೂ 13 ರೂಪಾಯಿಗೆ 170ರಿಂದ 340 ರೂಪಾಯಿ ಹುಟ್ಟಿತು. ಮಳೆ ಇಲ್ಲದಿದ್ದರೆ ಸೊನ್ನೆ. ಇಷ್ಟು ಅಗ್ಗದ ಯೂರಿಯಾವನ್ನು ರೈತ ಮಳೆ ಬಂದೊಡನೆ ಎರಡು ಚೀಲದ ಬದಲು ಮೂರು ಚೀಲ ಎಳೆಯುವುದೂ ಇದೇ ಲೆಕ್ಕದಿಂದ. 2010ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟು ದರ ಹಿಡಿದಿಟ್ಟರು, ಉಳಿದವುಗಳ ದರ ಏರಲು ಬಿಟ್ಟರು. ಪೊಟ್ಯಾಷ್ ದುಬಾರಿಯಾಗಿ ಅನೇಕರ ಪಟ್ಟಿಯಿಂದಲೇ ಬಿದ್ದುಹೋಯಿತು. ಎರಿಯಲ್ಲಿ ಅದರಿಂದ ದೊಡ್ಡ ನಷ್ಟವಿಲ್ಲ; ಬಾದಾಮಿಯ ಮರಳುಗಲ್ಲಿನ ಗುಡ್ಡಗಳ ಬುಡದ ಉಸುಕುಮಿಶ್ರಿತ ಕೆಂಪು ಮಣ್ಣಿನಲ್ಲಿ ಇದೆ. ಎಲೆಯ ರಂಧ್ರ ಮುಚ್ಚಿ ತೆರೆದು ನೀರು ಉಳಿಸುವ ಕೆಲಸಕ್ಕೆ ಗಿಡಕ್ಕೆ ಬೇಕಾದದ್ದು ಪೊಟ್ಯಾಷೇ.

ಮಣ್ಣಿನ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಒಂದೇ ಮಳೆ ಬಾದಾಮಿಯ ಉಸುಕು ನೆಲದಲ್ಲಿ, ಇಳಕಲ್ಲಿನ ಕೆಂಪು ಕಲ್ಲಿನ ಮೇಲಿನ ತೆಳು ಮಸಾರಿಯಲ್ಲಿ, ಹುನಗುಂದದ ಆಳ ಎರಿಯಲ್ಲಿ ಮೂರು ಬಗೆ ನಡೆದುಕೊಳ್ಳುತ್ತದೆ. ಮೀಟರ್ ಆಳದ ಎರಿ ಗಿಡಕ್ಕೆ ಸಿಗುವಂತೆ 150ರಿಂದ 200 ಮಿ.ಮೀ. ನೀರು ಹಿಡಿದಿಡಬಲ್ಲದು. ತೆಳು ಮಸಾರಿಯಲ್ಲಿ ಅದರ ಕಾಲುಭಾಗ ನಿಂತರೆ ಹೆಚ್ಚು. ಹತ್ತು ದಿನ ಮಳೆ ತಪ್ಪಿದರೆ ನಡು ಮಧ್ಯಾಹ್ನಕ್ಕೆ ಎಲೆ ಸುರುಳಿ ಸುತ್ತುತ್ತದೆ. ಜೋರು ಮಳೆ ಬಿದ್ದರೆ ಉಸುಕಿನಲ್ಲಿ ಸಾರಜನಕ ಬೇರಿನ ಕೆಳಗೆ ಇಳಿದುಹೋಗುತ್ತದೆ, ಎರಿಯಲ್ಲಿ ನೀರು ನಿಂತು ಅದು ಅನಿಲವಾಗಿ ಹಾರುತ್ತದೆ. ಹಳದಿಯಾದ ಪೈರನ್ನು ನೋಡಿ ಇನ್ನಷ್ಟು ಯೂರಿಯಾ ಬೇಕೆಂದು ರೈತ ಹೇಳುವುದು ಅರ್ಧ ನಿಜ. ನೀರು ಬಸಿಯುವ ಮೊದಲು ಹಾಕಿದರೆ ಅದೂ ಹೋಗುತ್ತದೆ.

ಯೂರಿಯಾ ಹಾರುವ ದಾರಿ ಇನ್ನೊಂದಿದೆ, ಅದು ಈ ಸೀಮೆಗೇ ಹೆಚ್ಚು. ತೇವ ಸೋಕಿದ ಯೂರಿಯಾ ಕೆಲವೇ ದಿನದಲ್ಲಿ ಅಮೋನಿಯಾ ಆಗುತ್ತದೆ. ಕ್ಷಾರದ ಕಡೆ ವಾಲಿರುವ ಎರಿ ಮಣ್ಣಿನ ಮೇಲ್ಮೈಯಲ್ಲಿ, ಆಗಸ್ಟಿನ ಗಾಳಿಯಲ್ಲಿ, ಅದರಲ್ಲಿ ದೊಡ್ಡ ಪಾಲೇ ಮೇಲೆ ಹೋದೀತು. ಹತ್ತು ಹನ್ನೆರಡು ಮಿ.ಮೀ. ಮಳೆ ಹಿಂದೆಯೇ ಬಂದರೆ ಅದು ಕರಗಿ ಬೇರಿಗೆ ಇಳಿಯುತ್ತದೆ. ತುಂತುರು ಮಾತ್ರ ಬಿದ್ದರೆ ಕೆಟ್ಟದ್ದು, ಕರಗಿಸುವಷ್ಟು ತೇವ ಇರುತ್ತದೆ, ಇಳಿಸುವಷ್ಟು ಇರುವುದಿಲ್ಲ. ಸಾಲಿನ ಪಕ್ಕ ಯೂರಿಯಾ ಬಿಟ್ಟು ಅಂದೇ ಎಡೆಕುಂಟೆ ಹೊಡೆದು ಮಣ್ಣು ಮುಚ್ಚುವ ಹಳೆಯ ರೂಢಿ ಈ ನಷ್ಟವನ್ನು ಬಹುಪಾಲು ತಡೆಯುತ್ತದೆ. ಎತ್ತು ಕಡಿಮೆಯಾಗಿ, ಕಳೆನಾಶಕ ಬಂದು, ಎಡೆ ಹೊಡೆಯುವುದು ತಪ್ಪಿದ ಹೊಲದಲ್ಲಿ ಯೂರಿಯಾ ಮೇಲೆಯೇ ಬಿದ್ದಿರುತ್ತದೆ. ಕಳೆನಾಶಕದ ಖರ್ಚಿಗೆ ಈ ನಷ್ಟವನ್ನೂ ಯಾರೂ ಕೂಡಿಸುವುದಿಲ್ಲ.

ಇನ್ನು ಮಳೆಯನ್ನೇ ಹೊಲದಲ್ಲಿ ಹಿಡಿಯುವ ಕೆಲಸ. ಎಕರೆ ಹೊಲದ ಮೇಲೆ 25 ಮಿ.ಮೀ. ಮಳೆ ಎಂದರೆ ಒಂದು ಲಕ್ಷ ಲೀಟರ್ ನೀರು. ಅದರಲ್ಲಿ ಎಷ್ಟು ಒಳಗಿಳಿಯಿತು, ಎಷ್ಟು ಮಣ್ಣು ಹೊತ್ತು ಹಳ್ಳಕ್ಕೆ ಹೋಯಿತು ಎಂಬುದರ ಮೇಲೆ ಮುಂದಿನ ಹತ್ತು ದಿನ ನಿಂತಿದೆ. ಸೋಲಾಪುರ, ವಿಜಯಪುರ, ರಾಯಚೂರು, ಹಗರಿಗಳಲ್ಲಿ 1930ರ ದಶಕದಲ್ಲೇ ಒಣಬೇಸಾಯದ ಸಂಶೋಧನೆ ಶುರುವಾಯಿತು. ಒಡ್ಡು, ಆಳ ಉಳುಮೆ, ಅಂತರ ಹೆಚ್ಚಿಸಿದ ಸಾಲು ಅಲ್ಲಿಂದ ಬಂದ ಸಲಹೆಗಳು. ವಿಜಯಪುರದ ಕೇಂದ್ರ ಮುಂದೆ ಹಿಂಗಾರಿ ಹೊಲಕ್ಕೆ ಚೌಕು ಮಡಿ ಕಟ್ಟುವ ಪದ್ಧತಿಯನ್ನು ಬೆಳೆಸಿತು. ಹುನಗುಂದದ ಮಲ್ಲಣ್ಣ ನಾಗರಾಳ ಅವರ ಮನೆತನ ಮಳೆ ಹಿಡಿಯುವ ಕೆಲಸವನ್ನು ಪ್ರಯೋಗಾಲಯದಿಂದ ಕಲಿತದ್ದಲ್ಲ. ತಮ್ಮ ಎರಿ ಹೊಲಗಳಲ್ಲಿ ಒಡ್ಡು ಹಾಕಿ, ಹೆಚ್ಚಾದ ನೀರು ಮಣ್ಣು ಬಿಟ್ಟು ಹೊರಹೋಗುವಂತೆ ಕಲ್ಲಿನ ದಾರಿ ಮಾಡಿ, ಬಿದ್ದ ಮಳೆಯಲ್ಲೇ ಬೆಳೆ ತೆಗೆಯುವ ಬೇಸಾಯಕ್ಕೆ ನಾಡಿನಲ್ಲೆಲ್ಲ ಹೆಸರಾದರು. ಆ ಹೊಲಗಳನ್ನು ನೋಡಿ ಬಂದವರು ಗೊಬ್ಬರದ ಮಾತಿಗಿಂತ ಮೊದಲು ಒಡ್ಡಿನ ಮಾತೆತ್ತುವುದು ಸಹಜ.

ಸರಕಾರದ ಕಡೆಯಿಂದ 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂತು, ಕೃಷಿ ಹೊಂಡಗಳು ಬಂದವು. ಗೋವಿನಜೋಳದ ಮಟ್ಟಿಗೆ ಹೊಂಡದ ಬೆಲೆ ಒಂದೇ ಒಂದು ನೀರಿನಲ್ಲಿದೆ, ಸೂಲಂಗಿ ಬಿಚ್ಚುವಾಗ ಕೊಡುವ ನೀರು. ಬೇರೆ ಯಾವಾಗ ಕೊಟ್ಟರೂ ಅಷ್ಟು ಫಲವಿಲ್ಲ. ಹುನಗುಂದ ತಾಲ್ಲೂಕಿನಲ್ಲೇ ನಾರಾಯಣಪುರದ ಹಿನ್ನೀರೆತ್ತಿ ಸುಮಾರು 24,000 ಹೆಕ್ಟೇರಿಗೆ ಹನಿ ನೀರಾವರಿ ಕೊಡಲು ರೂಪಿಸಿದ ರಾಮಥಾಳ (ಮರೋಳ) ಏತ ನೀರಾವರಿ ಯೋಜನೆ ಇದೆ. ಹನಿ ಕೊಳವೆ ಇದ್ದಲ್ಲಿ ಯೂರಿಯಾವನ್ನು ನೀರಲ್ಲೇ ಕರಗಿಸಿ ಐದಾರು ಕಂತಿನಲ್ಲಿ ಬೇರಿಗೆ ಮುಟ್ಟಿಸಬಹುದು, ಆಗ ಮೋಡ ನೋಡುವ ಕೆಲಸವಿಲ್ಲ. ಅದು ಆ ಅದೃಷ್ಟವಂತ ಹೊಲಗಳ ಮಾತು.

ಚಿಕ್ಕ ಪೋಷಕಾಂಶಗಳನ್ನೂ ಬಿಡುವಂತಿಲ್ಲ. 2009ರಲ್ಲಿ ರಾಜ್ಯ ಸರಕಾರ ಇಕ್ರಿಸ್ಯಾಟ್ ಸಂಸ್ಥೆಯೊಂದಿಗೆ ಆರು ಜಿಲ್ಲೆಗಳಲ್ಲಿ ಶುರುಮಾಡಿ ಆಮೇಲೆ ಎಲ್ಲ ಜಿಲ್ಲೆಗೂ ಹಬ್ಬಿಸಿದ ಭೂಚೇತನ ಯೋಜನೆ ಸಾವಿರಾರು ಮಣ್ಣಿನ ಮಾದರಿ ಪರೀಕ್ಷಿಸಿ ಗಂಧಕ, ಸತು, ಬೋರಾನ್ ಕೊರತೆಯನ್ನು ಎತ್ತಿ ತೋರಿಸಿತು. ಅವನ್ನು ಸೇರಿಸಿದ ಹೊಲಗಳಲ್ಲಿ ಬೆಳೆಗೆ ತಕ್ಕಂತೆ ಶೇ. 20ರಿಂದ 66ರಷ್ಟು ಇಳುವರಿ ಹೆಚ್ಚಿತೆಂದು ಯೋಜನೆಯ ವರದಿ. ಆ ವರ್ಷಗಳ ಮಳೆ ಹೇಗಿತ್ತು ಎಂದು ಇಲ್ಲೂ ಕೇಳಬೇಕು. ಆದರೆ ಪಕ್ಕಪಕ್ಕದ ಹೊಲಗಳನ್ನು ಒಂದೇ ಮಳೆಯಲ್ಲಿ ಹೋಲಿಸಿದ್ದರಿಂದ ಆ ಅಂಕಿಗೆ ಮಲಾವಿಯದಕ್ಕಿಂತ ತೂಕ ಹೆಚ್ಚು. ಎಲೆಯಲ್ಲಿ ಬಿಳಿ ಪಟ್ಟೆ ಕಂಡರೆ ಅದು ಸತುವಿನ ಕೊರತೆ, ಯೂರಿಯಾದಿಂದ ತೀರುವುದಲ್ಲ.

ಮಳೆ ಕೈಕೊಟ್ಟ ವರ್ಷ ಹೊಲದಲ್ಲಿ ಉಳಿದ ಗೊಬ್ಬರವೂ ಲೆಕ್ಕಕ್ಕೆ ಬರಬೇಕು. ಆಳ ಎರಿಯಲ್ಲಿ ಗೋವಿನಜೋಳ ಒಣಗಿದರೆ ಅದನ್ನು ಮೇವಿಗೆ ಕೊಯ್ದು, ಸೆಪ್ಟೆಂಬರಿನ ಮಳೆಗೆ ಬಿಳಿಜೋಳ ಬಿತ್ತುವ ದಾರಿ ಇನ್ನೂ ತೆರೆದಿರುತ್ತದೆ. ಗೋವಿನಜೋಳ ಹೀರದೆ ಬಿಟ್ಟ ಸಾರಜನಕ, ಸೆಪ್ಟೆಂಬರಿನ ಮಳೆ ತೀರಾ ಜೋರಾಗದಿದ್ದರೆ, ಬಿಳಿಜೋಳಕ್ಕೆ ದಕ್ಕುತ್ತದೆ. ಮಸಾರಿಯಲ್ಲಿ ಈ ಎರಡನೆಯ ಅವಕಾಶವಿಲ್ಲ. ಹಾಗಾಗಿ ಒಂದೇ ಪಂಚಾಯಿತಿಯಲ್ಲಿ, ಒಂದೇ ಬರದಲ್ಲಿ, ಎರಿಯವನಿಗೂ ಮಸಾರಿಯವನಿಗೂ ಆಗುವ ನಷ್ಟ ಒಂದೇ ಅಲ್ಲ. ಬೆಳೆ ಪರಿಹಾರದ ಪಟ್ಟಿ ಈ ವ್ಯತ್ಯಾಸ ಕೇಳುವುದಿಲ್ಲ.

ಕೊನೆಗೊಂದು ಸಲಹೆ, ದುಡ್ಡು ಹೆಚ್ಚು ಬೇಡದ್ದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ತಾನಾಗಿಯೇ ಮಳೆ ಅಳೆದು ಬೆಂಗಳೂರಿಗೆ ಕಳಿಸುವ ಮಾಪಕಗಳನ್ನು ಇಟ್ಟಿದೆ. ದೇಶದಲ್ಲಿ ಮಳೆಯ ಲೆಕ್ಕ ಇಷ್ಟು ದಟ್ಟವಾಗಿ ಸಿಗುವ ರಾಜ್ಯಗಳು ವಿರಳ. ಇನ್ನೊಂದು ಕಡೆ 2018ರ ಹೊತ್ತಿಗೆ ದೇಶದ ಗೊಬ್ಬರದ ಅಂಗಡಿಗಳಿಗೆಲ್ಲ ಬೆರಳಚ್ಚಿನ ಯಂತ್ರ ಬಂತು. ಆಧಾರ್ ತೋರಿಸಿ ಬೆರಳಿಟ್ಟರೆ ಯಾರಿಗೆ ಎಷ್ಟು ಚೀಲ ಹೋಯಿತೆಂಬುದು ದಿಲ್ಲಿಗೆ ಗೊತ್ತಾಗುತ್ತದೆ. ಒಂದೇ ಊರಿನ ಎರಡು ಯಂತ್ರಗಳಲ್ಲಿ ಒಂದು ಮಳೆ ಎಣಿಸುತ್ತದೆ, ಇನ್ನೊಂದು ಚೀಲ ಎಣಿಸುತ್ತದೆ. ಎರಡರ ಅಂಕಿಗಳು ಎಲ್ಲೂ ಕೂಡುವುದಿಲ್ಲ. ಹಂಗಾಮಿಗೆ ಎಷ್ಟು ಯೂರಿಯಾ ಬೇಕೆಂಬ ಅಂದಾಜು ಮಳೆಗಾಲಕ್ಕೆ ಮೊದಲೇ ಕಾಗದದ ಮೇಲೆ ನಿಗದಿಯಾಗಿ, ತಿಂಗಳವಾರು ಪಾಲಾಗಿ ಬರುತ್ತದೆ. ಹೋಬಳಿವಾರು ಬಿತ್ತಿಗೆಯ ಮಳೆ ಬಿದ್ದ ದಿನಕ್ಕೆ ಮೂವತ್ತು ದಿನ ಕೂಡಿಸಿ ಮೇಲುಗೊಬ್ಬರದ ರೈಲು ಯಾವಾಗ ಬರಬೇಕೆಂದು ಹೇಳಲು ದೊಡ್ಡ ಗಣಿತ ಬೇಡ. ಅಷ್ಟಾಗುವವರೆಗೆ, ಹುನಗುಂದದ ಅಂಗಡಿಯಲ್ಲಿ ಯೂರಿಯಾ ಕೊಂಡ ರೈತನಿಗೆ ಯಂತ್ರ ಕೊಡುವ ರಸೀದಿಯ ಕೆಳಗೆ, ಅವನ ಪಂಚಾಯಿತಿಯಲ್ಲಿ ಕಳೆದ ಹತ್ತು ದಿನ ಬಿದ್ದ ಮಳೆ ಎಷ್ಟು ಮಿ.ಮೀ., ಮುಂದಿನ ಐದು ದಿನದ ಮುನ್ಸೂಚನೆ ಏನು ಎಂಬ ಎರಡು ಸಾಲು ಕನ್ನಡದಲ್ಲಿ ಅಚ್ಚಾಗಿ ಬರಲಿ.